ಸಂಕಟಕಾಲದ ಸ್ತೋತ್ರ: ರಿಂಕಾರ್ಟನ ಗೀತೆಯೊಂದರ ವಿಚಾರ

ಮದುವೆಯ ಮಂಗಳಕಾರ್ಯದಲ್ಲಿ, ಸುಗ್ಗಿಯ ಆರಾಧನೆಯಲ್ಲಿ, ನೂತನ ದೇವಾಲಯದ ಪ್ರತಿಷ್ಠೆಯಲ್ಲಿ, ಯುದ್ಧವು ನಿಂತಿತೆಂಬ ವಾರ್ತೆ ಬಂದ ದಿನಗಳಲ್ಲಿ, ಪ್ರಾಟೆಸ್ಟಂಟ್ ಕ್ರೈಸ್ತರು ಮೂರು ಶತಮಾನಗಳಿಗೂ ಮಿಕ್ಕಿ ಎದ್ದುನಿಂತು ಹಾಡುತ್ತ ಬಂದಿರುವ ಜರ್ಮನ್ ಸ್ತೋತ್ರಗೀತೆಯೊಂದುಂಟು. ‘ನುನ್ ಡಾಂಕೆಟ್ ಆಲೆ ಗಾಟ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಗೀತೆಯ ಕರ್ತೃವಾದ ಮಾರ್ಟಿನ್ ರಿಂಕಾರ್ಟನು ಮೂವತ್ತು ವರ್ಷಗಳ ಯುದ್ಧದ ಕಾಲದಲ್ಲಿ ಸ್ಯಾಕ್ಸನಿಯ ಒಂದು ಚಿಕ್ಕ ಊರಿನ ಬೋಧಕನಾಗಿದ್ದವನು. ಧರ್ಮಪೀಠದಿಂದ ಈ ಗೀತೆಯ ಪ್ರಸ್ತಾಪ ಬಂದಾಗಲೆಲ್ಲ ಒಂದು ಕಥೆಯೂ ಅದರ ಬೆನ್ನಿಗೆ ಬರುತ್ತದೆ: ಮಹಾಮಾರಿಯ ವರ್ಷವೊಂದರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಶವಗಳನ್ನು, ಅವುಗಳೊಡನೆ ತನ್ನ ಹೆಂಡತಿಯ ಶವವನ್ನೂ, ಮಣ್ಣಿಗೆ ಒಪ್ಪಿಸಿದ ಈ ಬೋಧಕನು ಸ್ಮಶಾನದಿಂದ ಮನೆಗೆ ಮರಳಿ, ಕಣ್ಣೀರನ್ನೊರಸಿಕೊಂಡು, ಲೇಖನಿ ಹಿಡಿದು ದೇವರಿಗೆ ವಂದನೆಯನ್ನು ಬರೆದನೆಂಬುದೇ ಆ ಕಥೆ. ಕೇಳಿದವರ ಎದೆ ತುಂಬಿಬರುತ್ತದೆ. ತಮ್ಮ ಅಲ್ಪದುಃಖಗಳಿಗೆ ಗೊಣಗಿಕೊಂಡುದಕ್ಕಾಗಿ ಅವರು ಒಳಗೊಳಗೇ ಲಜ್ಜಿತರೂ ಆಗುತ್ತಾರೆ. ಕಥೆಯ ಸಂಗತಿಗಳು ಬಹುಮಟ್ಟಿಗೆ ನಿಜವಾದವು. ಅವುಗಳ ಪೌರ್ವಾಪರ್ಯ ಮಾತ್ರ ನಿಜವಲ್ಲ. ಇದನ್ನು ಪಂಡಿತರಿಗಷ್ಟೇ ಬೇಕಾದ ಸೂಕ್ಷ್ಮವೆಂದು ಬಿಟ್ಟುಬಿಡುವಂತಿಲ್ಲ. ಸಂಕಟದಲ್ಲಿರುವ ಮನುಷ್ಯನು ದೇವರಿಗೆ ಕೃತಜ್ಞನಾಗಿರುವುದೆಂದರೆ ಏನು, ಅದು ಅವನಿಗೆ ಯಾವ ಬಗೆಯಲ್ಲಿ ಸಾಧ್ಯವಾದೀತು ಎಂಬ ಪ್ರಶ್ನೆಯ ಉತ್ತರವೇ ಇದರಿಂದ ಬೇರೆಯಾಗಿಬಿಡುತ್ತದೆಂದು ನನ್ನ ನಂಬಿಕೆ.

ರಿಂಕಾರ್ಟನು 1586ರಲ್ಲಿ, ಮುಲ್ಡೆ ನದಿಯ ತೀರದಲ್ಲಿರುವ ಐಲೆನ್‌ಬುರ್ಗ್ ಎಂಬ ಊರಿನಲ್ಲಿ, ಮರದ ಪೀಪಾಯಿಗಳನ್ನು ಕಟ್ಟುವ ಕಸುಬಿನವನೊಬ್ಬನ ಮಗನಾಗಿ ಹುಟ್ಟಿದನು. ಲೈಪ್‌ಜಿಗ್ ನಗರದ ಸಂತ ತೋಮಸನ ಶಾಲೆಯಲ್ಲಿ ಗಾಯಕ ಬಾಲಕನಾಗಿ ಕಲಿತು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರವನ್ನೋದಿ, ಕೆಲಕಾಲ ಬೇರೆಡೆ ಸೇವೆ ಮಾಡಿ, 1617ರಲ್ಲಿ ಹುಟ್ಟೂರಿಗೇ ಬೋಧಕನಾಗಿ ಬಂದನು. ಮರುವರ್ಷ ಯುದ್ಧವು ಮೊದಲಾಯಿತು. 1648ರಲ್ಲಿ ವೆಸ್ಟ್‌ಫಾಲಿಯದ ಒಪ್ಪಂದದಿಂದ ಅದು ಮುಗಿಯಿತು. 1649ರ ಡಿಸೆಂಬರಿನಲ್ಲಿ ರಿಂಕಾರ್ಟನ ಆಯುಷ್ಯವೂ ಮುಗಿಯಿತು. ಹುಟ್ಟೂರಿನಲ್ಲಿ ಆತನು ಸಲ್ಲಿಸಿದ ಬೋಧಕವೃತ್ತಿಯಲ್ಲಿ ಶಾಂತಿಯ ವರ್ಷಗಳೆಂದು ಎಣಿಸಬಹುದಾದವು ಮೊದಲನೆಯದೂ ಕಡೆಯದೂ ಮಾತ್ರ.

ಐಲೆನ್‌ಬುರ್ಗಿಗೆ ಕೋಟೆಗೋಡೆಯಿದ್ದುದೇ ಅದರ ದುರ್ದೈವವಾಯಿತು. ಸೈನ್ಯಗಳ ಹಾವಳಿಗೆ ಹೆದರಿದ ಸುತ್ತಲಿನ ಹಳ್ಳಿಗಳವರು ಆ ಗೋಡೆಗಳ ಆಶ್ರಯವನ್ನರಸಿ ಓಡಿಬಂದರು. ಹೀಗೆ ಕಿಕ್ಕಿರಿದ ಊರಿನೊಳಕ್ಕೆ 1637ರಲ್ಲಿ ಮಹಾಮಾರಿ ಬಂದಿತು. ಜೊತೆಯ ಬೋಧಕರು ಸತ್ತು ಅಥವಾ ಊರು ಬಿಟ್ಟು, ಸಂಸ್ಕಾರ ಮಾಡುವುದಕ್ಕೆ ರಿಂಕಾರ್ಟನೊಬ್ಬನೇ ಉಳಿದನು. ಕೆಲವು ದಿನ ನಲವತ್ತು, ಕೆಲವು ದಿನ ಐವತ್ತು ಶವಗಳ ಮೇಲೆ ಆತನು ಪ್ರಾರ್ಥನೆಯನ್ನೋದಬೇಕಾಯಿತೆಂದೂ, ಕಡೆಕಡೆಗೆ ಪ್ರಾರ್ಥನೆಯೂ ಇಲ್ಲದೆ ಹೆಣಗಳನ್ನು ಕಂದಕಗಳಲ್ಲಿ ಮುಚ್ಚಬೇಕಾಯಿತೆಂದೂ ಚರಿತ್ರೆಯಲ್ಲಿ ಉಕ್ತವಾಗಿದೆ. ಆ ವರ್ಷದ ಮೇ ತಿಂಗಳಲ್ಲಿ ಆತನ ಹೆಂಡತಿ ತೀರಿಕೊಂಡಳು. ಮಾರಿಯ ಹಿಂದೆಯೇ ಕ್ಷಾಮ ಬಂದಿತು; ಸತ್ತ ಬೆಕ್ಕಿಗಾಗಿ, ಸತ್ತ ಕಾಗೆಗಾಗಿ ಬೀದಿಯಲ್ಲಿ ಹತ್ತಾರು ಮಂದಿ ಹೊಡೆದಾಡಿದರಂತೆ. ಮನೆಯವರ ಪ್ರಾಣಧಾರಣೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನೆಲ್ಲ ಬಾಗಿಲಿಗೆ ಬಂದವರಿಗೆ ಹಂಚುತ್ತಿದ್ದ ರಿಂಕಾರ್ಟನು ಮುಂದಿನ ವರ್ಷಗಳ ಆದಾಯವನ್ನೂ ಅಡವಿಟ್ಟು ಸಾಲಗಾರನಾದನು. 1639ರಲ್ಲಿ ಸ್ವೀಡನ್ನಿನ ಸೈನ್ಯಾಧಿಕಾರಿಯೊಬ್ಬನು 30,000 ಥಾಲರುಗಳ ಕಪ್ಪವನ್ನು ಕೇಳಿದಾಗ, ಬೋಧಕನೇ ಹೋಗಿ ಅಂಗಲಾಚಿ, ನಿರಾಕೃತನಾಗಿ ಹಿಂದಿರುಗಿ, ಜನರನ್ನು ದೇವಾಲಯದಲ್ಲಿ ಕೂಡಿಸಿ ಮೊಣಕಾಲೂರಿ ಪ್ರಾರ್ಥಿಸಿದನೆಂದೂ, ಬಳಿಕ ಕಪ್ಪವು 2,000 ಫ್ಲಾರಿನುಗಳಿಗೆ ಇಳಿಯಿತೆಂದೂ ಪರಂಪರೆಯ ಮಾತು. ಇಷ್ಟು ಮಾಡಿದವನಿಗೆ ಊರಿನ ಅಧಿಕಾರಿಗಳಿಂದ ದೊರೆತುದು ಕಿರುಕುಳವೇ ಹೊರತು ಉಪಕಾರಸ್ಮರಣೆಯಲ್ಲ. ದೇವರಿಗೆ ಕೃತಜ್ಞತೆಯನ್ನು ಕಲಿಸಿದವನು ಮನುಷ್ಯರಿಂದ ಅದನ್ನು ಕಾಣದೆ ಹೋದನೆಂಬುದು ವ್ಯಥೆಪಡಬೇಕಾದ ಮಾತು.

ಇನ್ನು ಗೀತೆಯ ವಿಚಾರ. ಅದು ರಿಂಕಾರ್ಟನ ಕಿರು ಪ್ರಾರ್ಥನಾಪುಸ್ತಕವೊಂದರಲ್ಲಿ, 1636ರ ಹೊತ್ತಿಗೆ, ಎಂದರೆ ಮಹಾಮಾರಿಗಿಂತ ಮುಂಚೆಯೇ, ಪ್ರಕಟವಾಗಿದ್ದಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಶಾಂತಿಯ ಒಪ್ಪಂದದ ಉತ್ಸವಕ್ಕಾಗಿ ಬರೆದುದೆಂಬ ಇನ್ನೊಂದು ಕಥೆಯೂ ಹಾಗಾದರೆ ನಿಲ್ಲುವುದಿಲ್ಲ; 1647ರಲ್ಲಿಯೇ, ಒಪ್ಪಂದಕ್ಕೆ ಒಂದು ವರ್ಷ ಮುಂಚೆ, ಯೋಹಾನ್ ಕ್ರ್ಯೂಗರನ ಸಂಗ್ರಹದಲ್ಲಿ ಅದು ಇಂದಿಗೂ ಬಳಕೆಯಲ್ಲಿರುವ ರಾಗದೊಡನೆ ಅಚ್ಚಾಗಿದೆ. ಈ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪುಸ್ತಕದಲ್ಲಿ ಈ ರಚನೆಗೆ ಕವಿಯು ಕೊಟ್ಟಿದ್ದ ಶೀರ್ಷಿಕೆ: ಅದು ಒಂದು ಪುಟ್ಟ ಊಟದ ಪ್ರಾರ್ಥನೆ. ಮಕ್ಕಳು ಉಂಡೆದ್ದ ಮೇಲೆ ಮನೆಯಲ್ಲಿ ಹೇಳತಕ್ಕ ನಾಲ್ಕು ಮಾತು. ಸಿರಾಕನ ಗ್ರಂಥದ ಐವತ್ತನೆಯ ಅಧ್ಯಾಯದ ಕೊನೆಯ ಭಾಗದಿಂದ ಅದರ ಮೊದಲ ಎರಡು ಚರಣಗಳ ಸಾಮಗ್ರಿ ಬಂದಿದೆ. ಮೂರನೆಯದು ತ್ರಯೇಕ ದೇವರ ಮಹಿಮೆಯನ್ನು ಹೇಳುವ, ಸಂಪ್ರದಾಯಾನುಸಾರಿಯಾದ ಮುಕ್ತಾಯ.

ಈ ಸಂಗತಿಯನ್ನು ಕೇಳಿ ನಿರಾಶರಾಗುವವರಿದ್ದಾರೆ. ಸ್ಮಶಾನದಲ್ಲಿ ಹುಟ್ಟಿದ ಗೀತೆಯೆಂದು ನಂಬಿ ಪೂಜಿಸುತ್ತಿದ್ದುದು ಅಡಿಗೆಮನೆಯ ಪಕ್ಕದಲ್ಲಿ ಹುಟ್ಟಿದುದಾಯಿತಲ್ಲಾ ಎಂದು ಅವರಿಗೆ ಅನಿಸುತ್ತದೆ. ನನಗಾದರೋ ಗೀತೆಯ ಗೌರವವು ಇದರಿಂದ ಇಮ್ಮಡಿಯಾಯಿತೆಂದೇ ತೋರುತ್ತದೆ. ಮಹಾಶೋಕದ ನಡುವೆ ಹಠಾತ್ತನೆ ಚಿಮ್ಮುವ ಸ್ತೋತ್ರವು ವೀರರಿಗೆ ಸಾಧ್ಯವಾದೀತು. ಸಾಮಾನ್ಯರು ಅದನ್ನು ದೂರದಿಂದ ನೋಡಿ ಕೈಮುಗಿಯಬಹುದು, ಅನುಸರಿಸಲಾರರು. ದಿನದಿನದ ಗಂಜಿಯ ಮುಂದೆ ಕುಳಿತು, ಯುದ್ಧದ ಹದಿನೆಂಟು ಹತ್ತೊಂಬತ್ತು ವರ್ಷಗಳ ಉದ್ದಕ್ಕೂ, ಇಂದು ಇಷ್ಟು ದೊರೆಯಿತೆಂದು ಮಕ್ಕಳ ಬಾಯಿಂದ ಹೇಳಿಸಿದ ಮಾತು ಬೇರೆ ಜಾತಿಯದು. ಅದು ಅಭ್ಯಾಸದಿಂದ ಮೈಗೂಡಿದ ಕೃತಜ್ಞತೆ; ಮಾರಿ ಬರುವ ಮುನ್ನವೇ ನಾಲಗೆಗೆ ಪರಿಚಿತವಾಗಿದ್ದುದರಿಂದ ಮಾರಿ ಬಂದಾಗಲೂ ನಾಲಗೆಯನ್ನು ಬಿಟ್ಟು ಹೋಗದಂಥದು. ರಿಂಕಾರ್ಟನು ಹೆಂಡತಿಯನ್ನು ಮಣ್ಣುಮಾಡಿ ಬಂದ ಸಂಜೆ ಹೊಸ ಪದ್ಯವನ್ನು ಬರೆದನೆಂದು ಊಹಿಸುವುದು ಮನುಷ್ಯಸ್ವಭಾವಕ್ಕೆ ಒಗ್ಗದ ಮಾತು. ಆ ಸಂಜೆಯೂ ಆ ಮನೆಯಲ್ಲಿ, ತಾಯಿಯಿಲ್ಲದ ಮೇಜಿನ ಬಳಿ, ಹಳೆಯ ಪದ್ಯವನ್ನೇ ಹೇಳಿರಬಹುದೆಂದು ಊಹಿಸುವುದು ಅಷ್ಟು ಕಷ್ಟವಲ್ಲ.

ಗೀತೆಯ ರಚನೆಯನ್ನು ಗಮನವಿಟ್ಟು ನೋಡಿದರೆ ಅದರ ವಿವೇಕವು ತಿಳಿಯುತ್ತದೆ. ಮೊದಲ ಚರಣದಲ್ಲಿ ವಂದನೆಗೆ ಹೃದಯವೂ ಬಾಯಿಯೂ ಸಾಲದೆಂದು ಕವಿಯು ಕೈಗಳನ್ನೂ ಕರೆಯುತ್ತಾನೆ. ಸ್ಮರಿಸತಕ್ಕ ಉಪಕಾರಗಳನ್ನು ತಾಯಿಯ ಮಡಿಲಿನಿಂದ, ಎಳೆಯ ಹೆಜ್ಜೆಗಳ ಕಾಲದಿಂದ ಮೊದಲುಮಾಡುತ್ತಾನೆ. ಯುದ್ಧಕ್ಕಾಗಲಿ ರೋಗಕ್ಕಾಗಲಿ ಇಲ್ಲಿ ವಂದನೆಯಿಲ್ಲ. ಇವು ನಮ್ಮ ಹಿತಕ್ಕಾಗಿಯೇ ಬಂದವೆಂಬ ಸಮರ್ಥನೆಯೂ ಇಲ್ಲ. ಎರಡನೆಯ ಚರಣವು ಪೂರ್ತಿಯಾಗಿ ಬೇಡಿಕೆ: ಬದುಕಿರುವಷ್ಟು ಕಾಲ ಸಂತೋಷವುಳ್ಳ ಹೃದಯವನ್ನೂ ಶಾಂತಿಯನ್ನೂ ಕೊಡು, ಕೃಪೆಯಲ್ಲಿ ಕಾಪಾಡು, ಇಹದಲ್ಲಿಯೂ ಪರದಲ್ಲಿಯೂ ಸಂಕಟದಿಂದ ಬಿಡಿಸು ಎಂಬುದು ಅದರ ಭಾವ. ಇದ್ದುದಕ್ಕೆ ವಂದನೆ ಸಲ್ಲಿಸಿದ ಬಾಯಿಯೇ ಇಲ್ಲದುದನ್ನು ಬೇಡುತ್ತದೆ. ಹೃದಯದ ಸಂತೋಷವನ್ನು ಕವಿಯು ಕೊಡೆಂದು ಕೇಳುತ್ತಾನೆ. ಅದು ತನ್ನಲ್ಲಿದೆಯೆಂದು ಹೇಳಿಕೊಳ್ಳುವುದಿಲ್ಲ. ಸಂತೋಷವಿದ್ದರೆ ಮಾತ್ರ ಕೃತಜ್ಞತೆ ಸಾಧ್ಯವೆಂದು ತಿಳಿದವನು ಈ ಚರಣವನ್ನು ಬರೆಯಲಾರನು. ಆರಾಧನೆಯು ದೀರ್ಘವಾಯಿತೆಂದು ನಡುವಿನ ಚರಣವನ್ನು ಬಿಟ್ಟು ಒಂದನ್ನೂ ಮೂರನ್ನೂ ಹಾಡಿಸುವ ಪದ್ಧತಿ ಕೆಲವೆಡೆ ಇದೆ. ಹಾಗೆ ಹಾಡಿಸುವವರು ಗೀತೆಯ ಪ್ರಾಣವನ್ನೇ ಬಿಟ್ಟುಬಿಡುತ್ತಾರೆ.

ಊಟದ ಮೇಜು ಮತ್ತು ಸಂಕಟ, ಇವೆರಡರ ಸಂಬಂಧವು ಕ್ರೈಸ್ತ ಧರ್ಮದ ಮೂಲದಲ್ಲಿಯೇ ಇದೆ. ಶಿಷ್ಯನೊಬ್ಬನು ತನ್ನನ್ನು ಹಿಡಿದುಕೊಡುವನೆಂದು ಬಲ್ಲ ಯೇಸುವು ಆ ರಾತ್ರಿಯ ಭೋಜನದಲ್ಲಿ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಸಲ್ಲಿಸಿದನೆಂದು ಸುವಾರ್ತೆಗಳು ಹೇಳುತ್ತವೆ. ಅದೇ ರಾತ್ರಿ, ಇನ್ನೂ ಕೆಲವು ಗಳಿಗೆ ಕಳೆಯುವಷ್ಟರಲ್ಲಿ, ಗೆತ್ಸೇಮನೆಯ ತೋಟದಲ್ಲಿ ಬೋರಲುಬಿದ್ದು, ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲೆಂದು ಬೇಡಿದನೆಂದೂ ಅವೇ ಸುವಾರ್ತೆಗಳು ಹೇಳುತ್ತವೆ. ರೊಟ್ಟಿಗಾಗಿ ಸ್ತೋತ್ರವುಂಟು; ಪಾತ್ರೆಗಾಗಿ ಸ್ತೋತ್ರವಿಲ್ಲ, ಅದಕ್ಕೆ ವಿಧೇಯತೆ ಮಾತ್ರವುಂಟು. ಬಂದ ಕೇಡಿಗೇ ವಂದನೆ ಸಲ್ಲಿಸತಕ್ಕದ್ದೆಂದು ದುಃಖಿತರನ್ನು ಒತ್ತಾಯಪಡಿಸುವ ಭಕ್ತರು ಮೇಜಿನಿಂದ ತೋಟದವರೆಗಿನ ಈ ಸ್ವಲ್ಪ ದೂರವನ್ನು ಗುರುವಿನೊಡನೆ ನಡೆದು ನೋಡಬೇಕು.

ಗೀತೆಯು ಊಟದ ಮೇಜಿನಿಂದ ಎದ್ದು ಬೀದಿಗೂ ರಣರಂಗಕ್ಕೂ ಹೋದ ಬಳಿಕ ಅದಕ್ಕೆ ಒದಗಿದ ಗತಿಯನ್ನೂ ವಿಮರ್ಶಕನು ನೋಡಬೇಕಾಗುತ್ತದೆ. ರಿಂಕಾರ್ಟನು ಹಾಡಿದ ಶಾಲೆಗೇ ಸಂಗೀತಾಚಾರ್ಯನಾಗಿ ಬಂದ ಬಾಖನು 1725ರಲ್ಲಿ ಇದನ್ನು ಕಹಳೆಗಳ ಘೋಷದೊಡನೆ ತನ್ನ ಕೃತಿಯಲ್ಲಿ ಸೇರಿಸಿಕೊಂಡನು. 1840ರಲ್ಲಿ ಮೆಂಡೆಲ್ಸೋನನು ಲೈಪ್‌ಜಿಗ್‌ನಲ್ಲಿ ಪ್ರಸ್ತುತಪಡಿಸಿದ ತನ್ನ ಸ್ತೋತ್ರಸಿಂಫನಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟನು. ಇವು ಗೀತೆಯ ಭಾಗ್ಯ. ಆದರೆ 1757ರ ಡಿಸೆಂಬರ್ 5ರಂದು ಲಾಯ್ಥೆನ್ ಕದನದಲ್ಲಿ ಗೆದ್ದ ಪ್ರಷ್ಯದ ಸೈನಿಕರು ರಾತ್ರಿಯ ಹೊತ್ತು ಇದನ್ನು ಹಾಡಿದರೆಂಬ ಪ್ರಸಿದ್ಧಿ ಹಬ್ಬಿ, ಇದು ವಿಜಯಗೀತೆಯೆನಿಸಿಕೊಂಡಿತು. 1914ರ ಆಗಸ್ಟ್ 1ರಂದು ಸೈನ್ಯವನ್ನು ಸಜ್ಜುಗೊಳಿಸಲು ಆಜ್ಞೆಯಾಯಿತೆಂದು ಕೇಳಿದ ಬರ್ಲಿನ್ನಿನ ಜನಸ್ತೋಮವು ಅರಮನೆಯ ಮುಂದೆ ಹಾಡಿದುದೂ ಇದನ್ನೇ. ಯುದ್ಧದಿಂದ ಊರು ಸ್ಮಶಾನವಾದುದನ್ನು ಕಣ್ಣಾರೆ ಕಂಡವನ ಪ್ರಾರ್ಥನೆಯಿಂದ ಯುದ್ಧವನ್ನು ಸ್ವಾಗತಿಸಿದ ಆ ಸಂಜೆಯನ್ನು ನೆನೆದರೆ ಮನಸ್ಸು ಮುದುಡುತ್ತದೆ. ಪರರ ಸಾವಿನಿಂದ ಬಂದ ಲಾಭಕ್ಕೆ ದೇವರನ್ನು ವಂದಿಸುವುದು ಕೃತಜ್ಞತೆಯ ವೇಷ ತೊಟ್ಟ ದರ್ಪವೇ ಸರಿ. 1955ರ ಶರತ್ಕಾಲದಲ್ಲಿ, ಸೋವಿಯತ್ ಬಂದಿಶಿಬಿರಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದು ಫ್ರೀಡ್‌ಲಾಂಡ್ ಶಿಬಿರಕ್ಕೆ ಬಂದಿಳಿದ ಜರ್ಮನ್ ಸೈನಿಕರೂ ಇದನ್ನೇ ಹಾಡಿದರು. ಅವರ ಸೈನ್ಯವು ಇತರ ಜನಾಂಗಗಳಿಗೆ ಮಾಡಿದ ಘೋರಕೃತ್ಯಗಳನ್ನು ಮರೆಯುವಂತಿಲ್ಲ. ಆದರೂ ಬರ್ಲಿನ್ನಿನಲ್ಲಿ ಜನರು ಹಾಡಿ ಯುದ್ಧಕ್ಕೆ ಹೊರಟರು, ಇಲ್ಲಿ ಹಾಡಿ ಮನೆಗೆ ಮರಳಿದರು, ಮರಳದವರ ಹೆಸರು ಹಿಡಿದು ಕೇಳುತ್ತ ನಿಂತಿದ್ದ ಹೆಂಗಸರ ಮುಂದೆ ಹಾಡಿದರು ಎಂಬ ಅಂತರವೂ ಅಲ್ಪವಾದುದಲ್ಲ.

ನಮ್ಮ ಕಾಲದಲ್ಲಿ ಸಂಕಟಕಾಲದ ಸ್ತೋತ್ರಕ್ಕೆ ದೃಷ್ಟಾಂತವಾಗಿ ರಿಂಕಾರ್ಟನಿಗಿಂತಲೂ ಹೆಚ್ಚಾಗಿ ಕೇಳಿಬರುವುದು ಕಾರಿ ಟೆನ್ ಬೂಮ್ ಅವರ ಆತ್ಮಕಥನ. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಗಡಿಯಾರದ ಕಸುಬಿನ ಮನೆತನದವರಾದ ಇವರು ಯೆಹೂದ್ಯರನ್ನು ಮನೆಯಲ್ಲಿ ಅಡಗಿಸಿಟ್ಟುದಕ್ಕಾಗಿ 1944ರ ಫೆಬ್ರವರಿಯಲ್ಲಿ ಸೆರೆಯಾದರು. ವೃದ್ಧತಂದೆ ಹತ್ತೇ ದಿನಗಳಲ್ಲಿ ಬಂಧನದಲ್ಲಿ ತೀರಿಕೊಂಡರು. ಅಕ್ಕ ಬೆಟ್ಸಿಯವರೂ ತಾವೂ ಕಡೆಗೆ ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಸಾಗಿಸಲ್ಪಟ್ಟರು. 1971ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಎಲ್ಲರ ನೆನಪಿನಲ್ಲಿ ಉಳಿದಿರುವ ಘಟ್ಟವೊಂದುಂಟು: ಚಿಗಟಗಳಿಂದ ತುಂಬಿದ ಬ್ಯಾರಕ್ಕಿನಲ್ಲಿ ಬೆಟ್ಸಿಯವರು ಚಿಗಟಗಳಿಗಾಗಿಯೂ ದೇವರಿಗೆ ವಂದನೆ ಹೇಳೋಣವೆನ್ನುತ್ತಾರೆ, ತಂಗಿಗೆ ಅದು ಸಾಧ್ಯವೆನಿಸುವುದಿಲ್ಲ, ಮುಂದೆ ತಿಳಿದುಬರುವುದೇನೆಂದರೆ, ಚಿಗಟಗಳ ಭಯದಿಂದಲೇ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ಆದಕಾರಣವೇ ಅಲ್ಲಿ ಸತ್ಯವೇದದ ಪಠನವು ನಿರ್ಬಾಧವಾಗಿ ನಡೆದಿತ್ತು. ಆ ಸೋದರಿಯರ ಧೈರ್ಯದ ಮುಂದೆ ನಾನು ತಲೆಬಾಗುತ್ತೇನೆ. ಆದರೂ ಈ ಘಟ್ಟವನ್ನು ಬೋಧನೆಯಲ್ಲಿ ಬಳಸುವ ಕ್ರಮವು ನನಗೆ ಸಮ್ಮತವಲ್ಲ. ಬೆಟ್ಸಿಯವರ ವಂದನೆಯ ಹಿರಿಮೆಯು ಅದು ಕಾರಣವನ್ನು ಕೇಳದೆ ಸಲ್ಲಿಸಿದ ವಂದನೆಯೆಂಬುದರಲ್ಲಿದೆ. ಕಥೆಯು ಕಾರಣವನ್ನು ಕೈಗೆ ತಂದುಕೊಟ್ಟುದರಿಂದ ಓದುಗರು ಕಾರಣವನ್ನೇ ಹಿಡಿದುಕೊಂಡು ವಂದನೆಯನ್ನು ಮರೆಯುತ್ತಾರೆ. ಕಾಲಕ್ರಮದಲ್ಲಿ ಪ್ರತಿಯೊಂದು ಕೇಡಿಗೂ ಇಂಥ ಗುಪ್ತಪ್ರಯೋಜನವೊಂದು ಬಯಲಾಗುವುದೆಂಬ ನಿರೀಕ್ಷೆ ಹುಟ್ಟುತ್ತದೆ. ಅದೇ ಶಿಬಿರದಲ್ಲಿ, 1944ರ ಡಿಸೆಂಬರಿನಲ್ಲಿ, ಬೆಟ್ಸಿಯವರೇ ಸತ್ತರು; ಆ ಸಾವಿಗೆ ಚಿಗಟಗಳಷ್ಟು ಸುಲಭವಾದ ವಿವರಣೆಯಿಲ್ಲ. ತಂಗಿಯು ಮೊದಲು ವಂದಿಸಲಾರದೆ ಹೋದುದನ್ನು ಮರೆಮಾಚದೆ ಬರೆದಿರುವುದೇ, ನನ್ನ ದೃಷ್ಟಿಯಲ್ಲಿ, ಪುಸ್ತಕದ ಅತ್ಯಂತ ಬೆಲೆಯುಳ್ಳ ಭಾಗ.

ಇದಕ್ಕೆ ಹೋಲಿಸಿದರೆ ಡೀಟ್ರಿಖ್ ಬಾನ್‌ಹೋಫರರ ವಿಚಾರವು ಹೆಚ್ಚು ಗಟ್ಟಿಯಾದ ನೆಲದ ಮೇಲೆ ನಿಂತಿದೆ. ಹಿಟ್ಲರನ ಆಡಳಿತವನ್ನು ವಿರೋಧಿಸಿ 1943ರ ಏಪ್ರಿಲಿನಲ್ಲಿ ಸೆರೆಯಾಗಿ, 1945ರ ಏಪ್ರಿಲ್ 9ರಂದು ಫ್ಲೊಸೆನ್‌ಬುರ್ಗಿನಲ್ಲಿ ಗಲ್ಲಿಗೇರಿದ ಈ ದೈವಶಾಸ್ತ್ರಜ್ಞರು ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ 1943ರ ಕ್ರಿಸ್ಮಸ್ ಮುನ್ನಾದಿನ ಬರೆದ ಪತ್ರವೊಂದರಲ್ಲಿ ಅಗಲಿಕೆಯ ಮಾತನ್ನೆತ್ತುತ್ತಾರೆ. ಪ್ರಿಯರು ಇಲ್ಲದ ತೆರಪನ್ನು ದೇವರು ತುಂಬುವನೆಂದು ಹೇಳುವುದು ಸಲ್ಲದು, ದೇವರು ಅದನ್ನು ತುಂಬದೆ ತೆರಪಾಗಿಯೇ ಉಳಿಸುವನು, ಆ ತೆರಪಿನಿಂದಲೇ ಅವರೊಡನೆ ನಮ್ಮ ಸಂಬಂಧವು ಉಳಿಯುವುದು ಎಂಬುದು ಅವರ ನಿಲುವು. ನೆನಪು ಸುಂದರವಾದಷ್ಟೂ ಅಗಲಿಕೆ ಕಠಿನವಾಗುವುದು, ಆದರೆ ಕೃತಜ್ಞತೆಯು ನೆನಪಿನ ಯಾತನೆಯನ್ನು ಮೆಲ್ಲನೆ ಒಂದು ಮೌನದ ಆನಂದವಾಗಿ ಮಾರ್ಪಡಿಸುವುದು ಎಂದೂ ಅವರು ಕಂಡುಕೊಂಡರು. ಇಲ್ಲಿ ನಷ್ಟವನ್ನು ಲಾಭವೆಂದು ಕರೆದಿಲ್ಲ. ವಂದನೆಯು ಸಲ್ಲುವುದು ಕಳೆದುಹೋದವರು ಒಮ್ಮೆ ನಮಗೆ ದೊರೆತಿದ್ದರೆಂಬ ಮಾತಿಗೆ, ಅವರನ್ನು ಕಳೆದುಕೊಂಡುದಕ್ಕಲ್ಲ. ರಿಂಕಾರ್ಟನು ತಾಯಿಯ ಮಡಿಲಿನಿಂದ ಎಣಿಕೆಯನ್ನು ಮೊದಲುಮಾಡಿದುದರ ಅರ್ಥವು ಬಾನ್‌ಹೋಫರರನ್ನು ಓದಿದ ಮೇಲೆ ನನಗೆ ಹೆಚ್ಚು ಸ್ಪಷ್ಟವಾಯಿತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಮೂಲಕ ಜರ್ಮನ್ ಸ್ತೋತ್ರಗೀತೆಗಳ ರಾಗಗಳು ಕನ್ನಡದ ಮಾತನ್ನು ಹೊತ್ತು ಕರಾವಳಿಯಲ್ಲಿಯೂ ಧಾರವಾಡ ಹುಬ್ಬಳ್ಳಿಗಳ ಕಡೆಯಲ್ಲಿಯೂ ನೆಲೆಸಿದವು. ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿಗಳನ್ನು ತಂದು ವೇದಿಕೆಯ ಮುಂದೆ ಒಟ್ಟಿ, ಸ್ತೋತ್ರ ಸಲ್ಲಿಸಿ, ಬಳಿಕ ಏಲಂ ಮಾಡುವ ಸುಗ್ಗಿಯ ಆರಾಧನೆಯನ್ನು ಕಂಡವರಿಗೆ ಹೃದಯ, ಬಾಯಿ, ಕೈ ಮೂರೂ ಕೂಡಿದ ವಂದನೆಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಪೈರು ಕೈಕೊಟ್ಟ ವರ್ಷವೂ ಒಂದೆರಡು ಕಾಯಿಗಳನ್ನು ಹಿಡಿದು ಬರುವವರಿದ್ದಾರೆ. ಅವರ ಭಕ್ತಿಯು ನನ್ನ ಯಾವ ವಿಮರ್ಶೆಗೂ ಮೀರಿದುದು. ನನ್ನ ಆಕ್ಷೇಪಣೆಯಿರುವುದು ನಮ್ಮ ಸಾಕ್ಷಿಕೂಟಗಳ ಪದ್ಧತಿಯ ಮೇಲೆ. ಅಲ್ಲಿ ಎದ್ದುನಿಂತು ಮಾತನಾಡುವ ಹಕ್ಕು, ಬಾಯಿಬಿಟ್ಟು ಯಾರೂ ಹೇಳದಿದ್ದರೂ, ಕಷ್ಟವನ್ನು ದಾಟಿಬಂದವರಿಗೆ ಮಾತ್ರ ದೊರೆಯುತ್ತದೆ: ರೋಗ ವಾಸಿಯಾದವರು, ಕೆಲಸ ಸಿಕ್ಕಿದವರು, ಸಾಲ ತೀರಿದವರು. ರೋಗವು ವಾಸಿಯಾಗದವನು ಹಿಂದಿನ ಸಾಲಿನಲ್ಲಿ ಕುಳಿತು, ತನ್ನ ವಿಶ್ವಾಸದಲ್ಲಿಯೇ ಏನೋ ಕೊರತೆಯಿದೆಯೆಂದು ಬಗೆದು, ಸಭೆ ಮುಗಿಯುವ ಮುಂಚೆ ಎದ್ದು ಹೋಗುತ್ತಾನೆ. ಮಗುವನ್ನು ಮಣ್ಣಿಗೆ ಕೊಟ್ಟು ವಾರ ಕಳೆಯದ ತಾಯಿಯ ಕೈಹಿಡಿದು, ಅಳಬೇಡಮ್ಮಾ, ಕರ್ತನಿಗೆ ಸ್ತೋತ್ರ ಹೇಳು ಎಂದು ಬುದ್ಧಿ ಹೇಳುವ ಹಿತೈಷಿಗಳೂ ನಮ್ಮಲ್ಲಿ ವಿರಳವಲ್ಲ. ಅವರ ಅಂತಃಕರಣ ಶುದ್ಧವಾದುದೇ. ಆದರೆ ಅವರು ಆಕೆಯಿಂದ ಕೇಳುತ್ತಿರುವುದನ್ನು ಸತ್ಯವೇದವು ಕೇಳುವುದಿಲ್ಲ. ಇಪ್ಪತ್ತೆರಡನೆಯ ಕೀರ್ತನೆಯು ಕೈಬಿಟ್ಟ ದೇವರನ್ನು ಕೂಗಿ ಕರೆದು, ಬಹುದೂರ ನಡೆದ ಮೇಲೆ ಸ್ತೋತ್ರವನ್ನು ಮುಟ್ಟುತ್ತದೆ. ಎಂಬತ್ತೆಂಟನೆಯದು ಸ್ತೋತ್ರವನ್ನು ಮುಟ್ಟದೆಯೇ ಕತ್ತಲಲ್ಲಿ ಮುಗಿದುಹೋಗುತ್ತದೆ. ಅದನ್ನೂ ಪೂರ್ವಿಕರು ದೇವರ ವಾಕ್ಯವೆಂದು ಉಳಿಸಿಕೊಟ್ಟರು, ತಿದ್ದಲಿಲ್ಲ. ಯೋಬನ ಸ್ನೇಹಿತರು ಅವನೊಡನೆ ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕುಳಿತಿದ್ದರು. ಅವರ ತಪ್ಪು ಮೊದಲಾದುದು ಬಾಯಿ ತೆರೆದ ಮೇಲೆ.

ರಿಂಕಾರ್ಟನ ಗೀತೆಯಲ್ಲಿ ನ್ಯೂನತೆಯಿಲ್ಲವೆಂದು ನಾನು ಹೇಳುವುದಿಲ್ಲ. ಅದರ ಮೂರನೆಯ ಚರಣವು ಶಾಸ್ತ್ರಕ್ಕೆ ಸರಿಯಾಗಿದ್ದರೂ ಮೊದಲೆರಡರ ಮನೆಮಾತಿನ ಬೆಚ್ಚನೆಯನ್ನು ಉಳಿಸಿಕೊಂಡಿಲ್ಲ. ಪ್ರಲಾಪಕ್ಕೆ ಅದರಲ್ಲಿ ಎಡೆಯಿಲ್ಲ. ಸಂಕಟವೆಂಬುದು ಒಂದು ಬೇಡಿಕೆಯೊಳಗೆ ಸುಳಿದು ಮರೆಯಾಗುತ್ತದೆ. ಊಟದ ಪ್ರಾರ್ಥನೆಯಾಗಿ ಇದು ದೋಷವಲ್ಲ, ಉಂಡೆದ್ದ ಮಕ್ಕಳಿಗೆ ಅಷ್ಟು ಸಾಕು; ಇಡೀ ಸಭೆಯ ಶೋಕವನ್ನು ಹೊರಬೇಕಾದಾಗ ಗೀತೆಯೊಂದೇ ಸಾಲದು. ಕ್ರ್ಯೂಗರನ ರಾಗವೂ ಕಹಳೆಗಳೂ ಸೇರಿ ಅದನ್ನು ಇನ್ನಷ್ಟು ಉತ್ಸವದ ಕಡೆಗೆ ತಿರುಗಿಸಿವೆ. ಆದಕಾರಣ ಆರಾಧನಾಕ್ರಮವನ್ನು ಸಿದ್ಧಪಡಿಸುವ ಸಭಾಪಾಲಕರಲ್ಲಿ ನನ್ನ ವಿನಂತಿಯಿದು: ಮರಣ, ರೋಗ, ಬರಗಾಲಗಳು ಸಭೆಯನ್ನು ಹೊಕ್ಕಿರುವ ಭಾನುವಾರಗಳಲ್ಲಿ ಎಂಬತ್ತೆಂಟನೆಯ ಕೀರ್ತನೆಯನ್ನು ಮೊದಲು, ಅವಸರವಿಲ್ಲದೆ, ಕೊನೆಯವರೆಗೆ ಓದಿಸಲಿ, ಆ ಮೇಲೆ ರಿಂಕಾರ್ಟನ ಗೀತೆಯನ್ನು ತಗ್ಗಿದ ಸ್ವರದಲ್ಲಿ, ಎರಡನೆಯ ಚರಣವನ್ನು ಬಿಡದೆ, ಹಾಡಿಸಲಿ, ಎಲ್ಲರೂ ಏಳಬೇಕೆಂದು ಹೇಳದೆ, ಅಂದು ಹಾಡಲಾರದವರು ಕುಳಿತೇ ಇದ್ದು ಇತರರು ತಮಗಾಗಿ ಹಾಡುವುದನ್ನು ಕೇಳಲು ಅವಕಾಶವನ್ನು ಕೊಡಲಿ.